ಮೊದಲು ಊಟ, ಆಮೇಲೆ ಔಷಧಿ: ರೀಗಲ್ ಏಂಜೆಲ್ ನಿಲ್ಲಿಸಿಕೊಂಡ ಅನುಭವ

ರೀಗಲ್ ಏಂಜೆಲ್ ಹವಳ ದಿಬ್ಬದ ಉಪ್ಪುನೀರಿನ ಮೀನು, ಊಟ ಕಲಿಸುವುದೇ ಕಷ್ಟ. ನನ್ನ ನಾಲ್ಕನೆಯ ರೀಗಲ್ ನಮ್ಮ ಬೆಂಗಳೂರಿನ ಮನೆಯ ಟ್ಯಾಂಕಿಗೆ ಬಂದು 16 ತಿಂಗಳಾಯಿತು. ಬಂದಾಗ ಮೂಗಿನಿಂದ ಬಾಲದ ತನಕ 9 ಸೆಂಟಿಮೀಟರ್ ಇತ್ತು, ಈಗ 14ರ ಮೇಲಿದೆ. ಪೆಲೆಟ್ ತಿನ್ನುತ್ತೆ, ಮೈಸಿಸ್ ಎಂಬ ಪುಟ್ಟ ಸಿಗಡಿ ತಿನ್ನುತ್ತೆ, ಕೈಯಲ್ಲಿ ಚಿಪ್ಪು ಹಿಡಿದರೆ ಬಂದು ಕಿತ್ತುಕೊಂಡು ಹೋಗುತ್ತೆ. "ರೀಗಲ್ ನಮ್ಮೂರಲ್ಲಿ ಆರು ತಿಂಗಳು ದಾಟಲ್ಲ, ತಾಮ್ರದ ಔಷಧಿ ಹಾಕದೆ ಊಟ ಕಲಿಸ್ತೀನಿ ಅಂದರೆ ವೆಲ್ವೆಟ್ ರೋಗ ಬಂದು ಎರಡು ದಿನಕ್ಕೆ ಹೋಗುತ್ತೆ" ಎಂದವರು ಬಹಳ ಮಂದಿ. ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ನನ್ನ ಕೈಯಲ್ಲಿ ಸತ್ತ ಮೂರು ರೀಗಲ್‌ಗಳಲ್ಲಿ ಒಂದೂ ವೆಲ್ವೆಟ್‌ನಿಂದ ಸಾಯಲಿಲ್ಲ, ಇಕ್‌ನಿಂದಲೂ ಅಲ್ಲ (ಎರಡೂ ಪರಾವಲಂಬಿಗಳಿಂದ ಬರುವ ರೋಗ, ತಾಮ್ರ ಅವಕ್ಕೆ ಮದ್ದು). ಮೂರೂ ಸೊರಗಿ ಸತ್ತವು. ಆ ಲೆಕ್ಕ ಹಾಕಿದ ಮೇಲೆಯೇ ಊಟ ಮೊದಲು, ಔಷಧಿ ಆಮೇಲೆ ಎಂದು ಕ್ರಮ ತಿರುಗಿಸಿದ್ದು.

ಮೊದಲನೆಯದು ₹8,500. ಬ್ಯಾಗ್ ಬಿಚ್ಚಿ ಎರಡೂವರೆ ಗಂಟೆ ಹನಿ ಹನಿಯಾಗಿ ನೀರು ಬಿಟ್ಟು ಒಗ್ಗಿಸಿದೆ. ಅದೇ ತಪ್ಪು. ಬ್ಯಾಗಿನೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತೆ, ಹಾಗಾಗಿ ಅಲ್ಲಿರುವ ಅಮೋನಿಯಾ ಅಷ್ಟು ಸುಡುವುದಿಲ್ಲ. ಬ್ಯಾಗ್ ಬಿಚ್ಚಿ ಗಾಳಿ ತಾಗಿತೋ, ಪಿಎಚ್ ಏರುತ್ತೆ, ಅದೇ ಅಮೋನಿಯಾ ವಿಷವಾಗುತ್ತೆ. ಕಿವಿರು ಸುಟ್ಟುಕೊಂಡ ಆ ಮೀನನ್ನು ನೇರ ಮುಖ್ಯ ಟ್ಯಾಂಕಿಗೆ ಬಿಟ್ಟೆ. ಅಲ್ಲಿ ಸೈಲ್‌ಫಿನ್ ಟ್ಯಾಂಗ್ ಎಂಬ ಮೀನು ಆಗಲೇ ಯಜಮಾನ. ರೀಗಲ್ ಕಲ್ಲಿನ ಹಿಂದೆ ಸೇರಿದ್ದು ಹೊರಗೆ ಬರಲೇ ಇಲ್ಲ. 11ನೇ ದಿನ ಮುಗಿಯಿತು.

ಎರಡನೆಯದು ₹11,000. ಅದನ್ನು ಎಲ್ಲರೂ ಹೇಳುವ ಹಾಗೆ ಕಲ್ಲಿಲ್ಲದ ಬೋಳು ಟ್ಯಾಂಕಿನಲ್ಲಿ ಎರಡು ಪಿವಿಸಿ ಪೈಪಿನ ಮೊಣಕೈ ಹಾಕಿ ಬಿಟ್ಟು, ಮರುದಿನವೇ ಕೀಲೇಟೆಡ್ ತಾಮ್ರ, ಅಂದರೆ ಬೇರೊಂದು ಅಣುವಿಗೆ ಕಟ್ಟಿ ಸೌಮ್ಯ ಮಾಡಿದ ತಾಮ್ರ, 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ಏರಿಸಿದೆ. ತಾಮ್ರ ಏಂಜೆಲ್‌ಗಳ ಹಸಿವನ್ನೇ ಕೊಲ್ಲುತ್ತೆ. ತಿನ್ನಲು ಶುರುಮಾಡಿರದ ಮೀನಿಗೆ ಹಾಕಿದರೆ ಅದು ಮುಂದೆ ಶುರು ಮಾಡುವುದೇ ಇಲ್ಲ. 16 ದಿನ ಬದುಕಿತ್ತು. ಮೂರನೆಯದು ₹12,000, ಮೈಸಿಸ್ ತಿನ್ನುತ್ತಲೇ ಸೊರಗಿತು. ಹಿಕ್ಕೆ ಬಿಳಿ ದಾರದ ಹಾಗೆ ಎಳೆದುಕೊಂಡು ಬರುತ್ತಿತ್ತು. ಕರುಳಿನ ಪರಾವಲಂಬಿ ಎಂದು ಗೊತ್ತಾಗುವಷ್ಟರಲ್ಲಿ ಬೆನ್ನು ಚೂರಿಯ ಹಾಗೆ ಆಗಿತ್ತು. ಏಳು ವಾರಕ್ಕೆ ಹೋಯಿತು. ಉಪ್ಪು, ಔಷಧಿ, ಟೆಸ್ಟ್ ಕಿಟ್ ಬಿಟ್ಟು ಮೀನಿಗೇ ₹31,500 ನೀರಿಗೆ ಹೋಗಿತ್ತು.

ಮೀನು ಆರಿಸಿದ್ದು

ರೀಗಲ್‌ನಲ್ಲಿ ಎದೆ ಹಳದಿ ಇರುವುದು ಹಿಂದೂ ಮಹಾಸಾಗರ ಮತ್ತು ಕೆಂಪು ಸಮುದ್ರದ್ದು, ಎದೆ ಬೂದು-ನೀಲಿ ಇರುವುದು ಪೆಸಿಫಿಕ್ ಕಡೆಯದು. ಹಳದಿ ಎದೆಯದೇ ಬೇಕು ಎಂದು ಹಟ ಹಿಡಿಯಿರಿ. ಅದು ಬೇಗ ಒಗ್ಗುತ್ತೆ ಎನ್ನುವುದು ಹವ್ಯಾಸಿಗಳ ಅನುಭವ. ನನಗೆ ಇನ್ನೊಂದು ಕಾರಣವೂ ಇತ್ತು. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆ ಸಯನೈಡ್ ಹಾಕಿ ಹಿಡಿಯುವ ಚಾಳಿ ಇದೆ, ಮಾಲ್ಡೀವ್ಸ್ ಕಡೆಯದು ಬಲೆಯ ಮೀನು. ಸಯನೈಡ್ ಕುಡಿದ ಮೀನು ಚೆನ್ನಾಗಿ ತಿಂದರೂ ಸೊರಗುತ್ತೆ, ಆಗ ತಪ್ಪು ಎಲ್ಲಿ ಎಂದು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಲಕ್ಷದ್ವೀಪದ ಹವಳ ದಿಬ್ಬಗಳಲ್ಲೂ ಇದೇ ಹಳದಿ ಎದೆಯ ರೀಗಲ್ ಇದೆ. ಚಾಚುಗಲ್ಲಿನ ಅಡಿ, ಗುಹೆಯ ಬಾಯಿ, ಅದರ ಜಾಗ. ಬಯಲಲ್ಲಿ ಬದುಕುವ ಮೀನೇ ಅಲ್ಲ ಅದು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತೆ.

ಗಾತ್ರ 8ರಿಂದ 11 ಸೆಂಟಿಮೀಟರ್. 6ಕ್ಕಿಂತ ಚಿಕ್ಕದಕ್ಕೆ ಉಪವಾಸ ತಡೆಯುವ ಕೊಬ್ಬಿಲ್ಲ, 15 ದಾಟಿದ್ದು ಹಳೇ ಚಾಳಿ ಬಿಡುವುದಿಲ್ಲ. ಅಂಗಡಿಯಲ್ಲಿ ಹೊಟ್ಟೆ ನೋಡಬೇಡಿ, ಕಣ್ಣಿನ ಮೇಲ್ಭಾಗದಿಂದ ಬೆನ್ನಿನ ರೆಕ್ಕೆಯ ತನಕ ಇರುವ ಮಾಂಸ ನೋಡಿ. ಮುಂದಿನಿಂದ ನೋಡಿದಾಗ ಅಲ್ಲಿ ಹಳ್ಳ ಬಿದ್ದಿದ್ದರೆ ಬೇಡ. ತಲೆ ಕೆಳಗೆ ಮಾಡಿಕೊಂಡು ಈಜುತ್ತಿದ್ದರೂ ಬೇಡ, ಆಳದಿಂದ ಅವಸರದಲ್ಲಿ ಎತ್ತಿದ ಮೀನು ಅದು. ಗಾಜನ್ನೋ ಕಲ್ಲನ್ನೋ ಒಂದು ಸಲವಾದರೂ ಕುಕ್ಕುವುದು ಕಾಣುವ ತನಕ ಅರ್ಧ ಗಂಟೆ ನಿಲ್ಲಿ. ನಾಲ್ಕನೆಯದು ₹13,500ಕ್ಕೆ ಬಂತು. ಚೌಕಾಸಿ ಮಾಡಲಿಲ್ಲ, ಬದಲಿಗೆ ಅಂಗಡಿಯವರಿಂದ ಅವರ ನೀರಿನ ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ನೀರಿನಲ್ಲಿ ಎಷ್ಟು ಉಪ್ಪಿದೆ ಎನ್ನುವ ಅಳತೆ, ಕೇಳಿಕೊಂಡೆ: 1.020.

ಈ ಸಂಖ್ಯೆ ದುಡ್ಡಿಗಿಂತ ಮುಖ್ಯ. ಮನೆಯ ಟ್ಯಾಂಕನ್ನು ಹಿಂದಿನ ದಿನವೇ 1.020ಕ್ಕೆ ಇಳಿಸಿಟ್ಟರೆ ಹನಿ ಬಿಡುವ ಕೆಲಸವೇ ಇಲ್ಲ. ಬ್ಯಾಗ್ ಮುಚ್ಚಿದ ಹಾಗೇ 20 ನಿಮಿಷ ತೇಲಿಬಿಟ್ಟು ತಾಪ ಸರಿಮಾಡುವುದು, ಬಿಚ್ಚುವುದು, ಮೀನನ್ನು ತಕ್ಷಣ ದಾಟಿಸುವುದು. ಆಮೇಲೆ ದಿನಕ್ಕೆ 0.001ರಂತೆ 1.025ಕ್ಕೆ ಏರಿಸಿದೆ. ಇಳಿಸುವುದನ್ನು ಮೀನು ಸಹಿಸುತ್ತೆ, ಅವಸರದಿಂದ ಏರಿಸುವುದನ್ನು ಸಹಿಸುವುದಿಲ್ಲ.

ದಾಟಿಸುವಾಗ ಬಲೆ ಮುಟ್ಟಲೇಬೇಡಿ. ಏಂಜೆಲ್‌ನ ಕೆನ್ನೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಮುಳ್ಳೂ ಮುರಿಯುತ್ತೆ, ಕೆನ್ನೆಯೂ ಹರಿಯುತ್ತೆ. ಎರಡು ಲೀಟರಿನ ಪಾರದರ್ಶಕ ಡಬ್ಬ ಸಾಕು.

ಬ್ಯಾಗಿಗೂ ಟ್ಯಾಂಕಿಗೂ ನಡುವೆ ಸಿಹಿನೀರಿನ ಸ್ನಾನ ಒಂದನ್ನು ಮಾತ್ರ ಬಿಡಲಿಲ್ಲ. ಆರ್‌ಒ ನೀರು, ಅದೇ ತಾಪ, ಅಡುಗೆ ಸೋಡಾ ಹಾಕಿ ಪಿಎಚ್ 8.2ರ ಹತ್ತಿರ, ಒಂದು ಗಂಟೆ ಮೊದಲಿನಿಂದ ಏರ್ ಸ್ಟೋನ್. ಕಪ್ಪು ಟಬ್ ಇಟ್ಟುಕೊಳ್ಳಿ. ನಾಲ್ಕು ನಿಮಿಷ ಮುಗಿದಾಗ ತಳದಲ್ಲಿ ಸಿಪ್ಪೆ ತೆಗೆದ ಎಳ್ಳಿನ ಹಾಗೆ ಆರೇಳು ಬಿಳಿ ಚುಕ್ಕೆ ಬಿದ್ದಿದ್ದವು. ಫ್ಲೂಕ್‌ಗಳು, ಮೀನಿಗೆ ಅಂಟಿ ಬದುಕುವ ಚಪ್ಪಟೆ ಹುಳುಗಳು. ಮೀನಿನ ಮೈಮೇಲಿದ್ದಾಗ ಕಾಣದವು ಸಿಹಿನೀರು ತಾಗಿದರೆ ಬೆಳ್ಳಗಾಗಿ ಉದುರುತ್ತವೆ. ಮೊದಲ ನಿಮಿಷ ಮೀನು ಮಗ್ಗುಲಾಗುತ್ತೆ, ಗಾಬರಿಯಾಗಿ ಎತ್ತಬೇಡಿ.

ಊಟದ ಟ್ಯಾಂಕ್

ಇಲ್ಲೇ ನನ್ನ ಕ್ರಮ ಬೇರೆ. ಮೊದಲ ಟ್ಯಾಂಕ್ ಔಷಧಿಯದಲ್ಲ, ಊಟದ್ದು. 3×1.5×1.5 ಅಡಿ, ಕಲ್ಲು ಹಾಕಿದ ಮೇಲೆ ನೀರು ಸುಮಾರು 160 ಲೀಟರ್. ಗಾಜಿನ ಕೆಲಸ ₹4,500, ಹ್ಯಾಂಗ್ ಆನ್ ಫಿಲ್ಟರ್ ಮತ್ತು ಹೀಟರ್ ಹಳೆಯವು. ತಾಪ 26. ಕಲ್ಲು ಸುಮಾರು 14 ಕೆಜಿ, ಮುಖ್ಯ ಟ್ಯಾಂಕಿನ ಸಂಪ್‌ನ (ಫಿಲ್ಟರ್ ತೊಟ್ಟಿಯ) ಕತ್ತಲ ಕೋಣೆಯಲ್ಲಿ ಒಂಬತ್ತು ತಿಂಗಳು ಹಣ್ಣಾಗಿದ್ದು. ನಮ್ಮ ಕರಾವಳಿಯಿಂದ ಹವಳದ ಕಲ್ಲು ಎತ್ತಿ ತರುವಂತಿಲ್ಲ, ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ ಒಂದರಲ್ಲಿದೆ. ತರಬೇಕಾಗಿಯೂ ಇಲ್ಲ. ಸಿಮೆಂಟಿನ ಕೃತಕ ಕಲ್ಲೇ ಕತ್ತಲಲ್ಲಿ ಸಾಕಷ್ಟು ದಿನ ಇದ್ದರೆ ಅಡಿಭಾಗದಲ್ಲಿ ಹಳದಿ, ಬೂದು ಸ್ಪಂಜಿನ ಪದರ ಕಟ್ಟುತ್ತೆ. ಕಲ್ಲು ಸಾಗಿಸುವಾಗ ಬಕೆಟ್ಟಿನ ನೀರಿನೊಳಗೇ ಸಾಗಿಸಿ. ಗಾಳಿ ತಾಗಿದರೆ ಸ್ಪಂಜು ಸಾಯುತ್ತೆ, ಸತ್ತ ಸ್ಪಂಜು ಕೊಳೆತು ಅಮೋನಿಯಾ ಆಗುತ್ತೆ.

ಕಲ್ಲು ಜೋಡಿಸುವುದರಲ್ಲಿ ಅರ್ಧ ಕೆಲಸ ಇದೆ. ಒಂದೇ ಬಾಯಿಯ ಗುಹೆ ಮಾಡಿದರೆ ಮೀನು ಒಳಗೆ ಸಿಕ್ಕಿಬಿದ್ದ ಹಾಗೆ ನಡೆದುಕೊಳ್ಳುತ್ತೆ. ಟ್ಯಾಂಕಿನ ಉದ್ದಕ್ಕೂ ಸುರಂಗ ಬೇಕು: ಎಡ ತುದಿಯಲ್ಲಿ ಒಂದು ಬಾಯಿ, ಬಲ ತುದಿಯಲ್ಲಿ ಒಂದು, ನಡುವೆ ಮುಂದಕ್ಕೆ ತೆರೆದ ಒಂದು ಕಿಂಡಿ. ಬಾಯಿ 8 ಸೆಂಟಿಮೀಟರ್ ಎತ್ತರ. ಹೀಗಿದ್ದರೆ ಮೀನು ಮರೆಯಲ್ಲೇ ಇಡೀ ಟ್ಯಾಂಕ್ ಓಡಾಡುತ್ತೆ. ಅಡಗಲು ಜಾಗ ಹೆಚ್ಚಿದ್ದಷ್ಟೂ ಅದು ಹೊರಗೆ ಕಾಣಿಸಿಕೊಳ್ಳುವುದು ಹೆಚ್ಚು. ನಂಬದವರಿಗೆ ನನ್ನ ವಿಡಿಯೊಗಳಿವೆ.

ಮೂರು ಬದಿಗೆ ಕಪ್ಪು ಚಾರ್ಟ್ ಪೇಪರ್. ಮುಂದಿನ ಗಾಜಿಗೆ ಕಾರಿನ ಕನ್ನಡಿ ಫಿಲ್ಮ್ ಅಂಟಿಸಿ ನೋಡಿದೆ, ನಮಗೆ ಅದು ಕಾಣಬೇಕು, ಅದಕ್ಕೆ ನಾವು ಕಾಣಬಾರದು ಎಂದು. ಕೆಟ್ಟಿತು. ಒಳಗೆ ಬೆಳಕು, ಹೊರಗೆ ಕತ್ತಲೆ ಇದ್ದಾಗ ಒಳಗಿನ ಮೀನಿಗೆ ಕಾಣುವುದು ತನ್ನದೇ ಪ್ರತಿಬಿಂಬ. ಇನ್ನೊಂದು ರೀಗಲ್ ಇದೆ ಎಂದುಕೊಂಡು ಪೂರ್ತಿ ಒಳಗೆ ಸೇರಿತು. ಎರಡನೇ ದಿನ ಫಿಲ್ಮ್ ಕಿತ್ತು ನ್ಯೂಸ್ ಪೇಪರ್ ಅಂಟಿಸಿ, ಹಳೇ ಫೋನಿನ ಕ್ಯಾಮೆರಾಕ್ಕೆ ಸರಿಯಾಗಿ ಒಂದು ತೂತು ಬಿಟ್ಟೆ. ಮುಂದಿನ ಮೂರು ವಾರ ಏನು ನಡೆಯಿತು ಎಂದು ಗೊತ್ತಾಗಿದ್ದೆಲ್ಲ ಆ ತೂತಿನಿಂದ. ಬೆಳಕು 10 ವಾಟಿನ ಒಂದು ದೀಪ, ನೀರಿನಿಂದ ಎರಡಡಿ ಮೇಲೆ, ದಿನಕ್ಕೆ ನಾಲ್ಕು ಗಂಟೆ.

ಜೊತೆಗಾರರಾಗಿ ಎರಡು ಪುಟ್ಟ ಕ್ಲೌನ್ ಮೀನು. ಕ್ವಾರಂಟೈನ್ ಮುಗಿಸಿದವು, ಏನು ಹಾಕಿದರೂ ತಿನ್ನುವವು. ಟ್ಯಾಂಗ್, ಡ್ಯಾಮ್ಸೆಲ್, ಬೇರೆ ಏಂಜೆಲ್ ಯಾವುದೂ ಬೇಡ.

ತಿನ್ನಿಸಿದ್ದು

ರೀಗಲ್ ಸಮುದ್ರದಲ್ಲಿ ತಿನ್ನುವುದು ಕಲ್ಲಿಗೆ ಕಚ್ಚಿಕೊಂಡ ಸ್ಪಂಜು ಮತ್ತು ಟ್ಯೂನಿಕೇಟ್ ಎಂಬ ಮೆತ್ತನೆಯ ಜೀವಿಗಳನ್ನು. ತೇಲಿ ಬರುವುದು ಊಟ ಎಂದು ಅದಕ್ಕೆ ಗೊತ್ತೇ ಇಲ್ಲ. ಆದ್ದರಿಂದ ಮೊದಲು ಅಲುಗಾಡದ ಊಟ, ಆಮೇಲೆ ಅಲುಗುವುದು, ಕೊನೆಗೆ ತೇಲುವುದು. ಮೈಸಿಸ್ ಸುರಿದು ಕಾಯುತ್ತಾ ಕೂರುವವರು ಕ್ಲೌನ್‌ಗಳನ್ನು ಕೊಬ್ಬಿಸುತ್ತಾರೆ ಅಷ್ಟೇ.

ಅಲುಗಾಡದ ಊಟಕ್ಕೆ ನಮ್ಮ ಮಂಗಳೂರಿನ ಮರ್ವಾಯಿ ಎಂಬ ಚಿಪ್ಪುಮೀನಿಗಿಂತ ಒಳ್ಳೆಯದು ಸಿಗಲಿಲ್ಲ. ಪಚ್ಚಿಲೆಯೂ (ಹಸಿರು ಮಸ್ಸೆಲ್) ಆಗುತ್ತೆ, ಆದರೆ ಈ ಗಾತ್ರದ ಬಾಯಿಗೆ ಮರ್ವಾಯಿಯ ಚಿಪ್ಪೇ ಹದ. ಬೆಂಗಳೂರಿಗೆ ಐಸ್‌ನಲ್ಲಿ ಬರುತ್ತೆ. ಜೀವ ಇದ್ದರೆ ಒಂದು ರಾತ್ರಿ ಶುದ್ಧ ಉಪ್ಪುನೀರಿನಲ್ಲಿಟ್ಟು ಮರಳು, ಕೆಸರು ಕಕ್ಕಿಸಿ, ಬ್ರಷ್ ಹಾಕಿ ಉಜ್ಜಿ, ಒಂದು ವಾರ ಫ್ರೀಜರ್‌ನಲ್ಲಿಡಿ. ಫ್ರೀಜ್ ಆದ ಚಿಪ್ಪು ಕರಗುವಾಗ ಚೂರಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತೆ. ಮೇಲಿನ ಚಿಪ್ಪು ತೆಗೆದು, ಮಾಂಸ ಇರುವ ಅರ್ಧವನ್ನು ಹಾಗೇ ಇಡುವುದು. ಚಿಪ್ಪಿನ ಭಾರಕ್ಕೆ ಅದು ಕದಲುವುದಿಲ್ಲ. ಹಸಿ ಚಿಪ್ಪುಮೀನಿನಲ್ಲಿ ವಿಟಮಿನ್ ಬಿ1 ನಾಶ ಮಾಡುವ ಥಯಾಮಿನೇಸ್ ಇರುತ್ತೆ, ಫ್ರೀಜರ್‌ಗೆ ಅದು ಜಗ್ಗುವುದಿಲ್ಲ. ಶುರುವಿನ ವಾರಗಳಿಗೆ ಹಸಿಯೇ ಸರಿ, ರುಚಿ ಅದರಲ್ಲೇ ಇದೆ. ತಿಂಗಳುಗಟ್ಟಲೆ ಕೊಡುವುದಾದರೆ ಬಿಸಿನೀರಿನಲ್ಲಿ ಚೆನ್ನಾಗಿ ಬೇಯಿಸಿ ಕೊಡಿ.

ಮೊದಲ ಚಿಪ್ಪನ್ನು ಸುರಂಗದ ಬಲ ಬಾಯಿಯಿಂದ ಒಂದು ಗೇಣು ದೂರದಲ್ಲಿಟ್ಟೆ, ಪ್ರವಾಹ ತಾಗದ ಮೂಲೆಯಲ್ಲಿ. 1ರಿಂದ 4ನೇ ದಿನದ ತನಕ ಏನೂ ಇಲ್ಲ, ಕ್ಲೌನ್‌ಗಳು ಮಾತ್ರ. 5ನೇ ದಿನದ ವಿಡಿಯೊದಲ್ಲಿ ಮೊದಲು ಕಂಡದ್ದು ಹಳದಿ ತುಟಿ, ಆಮೇಲೆ ಒಂದು ಕಣ್ಣು. ಹೊರಗೆ ಬಂತು, ಚಿಪ್ಪಿನ ಪಕ್ಕಕ್ಕೆ ಅಡ್ಡಲಾಗಿ ನಿಂತು ಒಂದೇ ಕಣ್ಣಿನಿಂದ ನೋಡಿತು, ಹಿಂದಕ್ಕೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮೂರನೇ ಸಲ ಮಾಂಸದ ಅಂಚನ್ನು ಕಚ್ಚಿ, ಉಗುಳಿ, ಒಳಗೋಡಿತು. ಸಂಜೆ ಚಿಪ್ಪು ತೆಗೆದು ದೀಪಕ್ಕೆ ಹಿಡಿದಾಗ ಅಂಚಿನಲ್ಲಿ ಅರ್ಧ ಅಕ್ಕಿಕಾಳಿನಷ್ಟು ಕಚ್ಚಿದ ಗುರುತು ಇತ್ತು. 9ನೇ ದಿನಕ್ಕೆ ಗಂಟೆಗೆ 40 ಕುಕ್ಕು ದಾಟಿತು. ಚಿಪ್ಪು ಮೂರು ಗಂಟೆಗಿಂತ ಹೆಚ್ಚು ಇಡಬೇಡಿ. ಒಂದು ದಿನ ರಾತ್ರಿ ಮರೆತದ್ದಕ್ಕೆ ಬೆಳಿಗ್ಗೆ ಅಮೋನಿಯಾ 0.5 ತೋರಿಸಿತು, 60 ಲೀಟರ್ ನೀರು ಬದಲಿಸಬೇಕಾಯಿತು.

ಮುಂದಿನ ಮೆಟ್ಟಿಲು ಪೇಸ್ಟ್. ಪಚ್ಚಿಲೆ ಮಾಂಸ 100 ಗ್ರಾಂ, ಸಿಗಡಿ 50, ಬೊಂಡಾಸ್ (ಸ್ಕ್ವಿಡ್) 50, ನೋರಿ (ಒಣಗಿಸಿದ ಕಡಲಕಳೆ) ಎರಡು ಹಾಳೆ, ಸ್ಪಿರುಲಿನಾ ಒಂದು ಟೀ ಚಮಚ, ಎಲ್ಲ ರುಬ್ಬಿ. ಕಟ್ಟಲು ಮೊದಲು ಜೆಲಟಿನ್ ಹಾಕಿದ್ದೆ. ಏಪ್ರಿಲ್‌ನಲ್ಲಿ ನೀರು 29ಕ್ಕೆ ಹೋದ ದಿನ ಅದು ಮೆತ್ತಗಾಗಿ ಕರಗಿ ಟ್ಯಾಂಕ್ ಮಜ್ಜಿಗೆಯ ಹಾಗೆ ಆಯಿತು. ಆಮೇಲೆ ಅಗರ್, ಅಂದರೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್: 150 ಮಿಲಿ ಆರ್‌ಒ ನೀರಿಗೆ 3 ಗ್ರಾಂ, ಚೆನ್ನಾಗಿ ಕುದಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ರುಬ್ಬಿದ್ದನ್ನು ಬೆರೆಸುವುದು. ಹೆಚ್ಚು ಆರಿಸಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತೆ. ಗಟ್ಟಿಯಾಗುವ ಮೊದಲೇ ಅದನ್ನು ತೂತು ತೂತಾದ ಕಲ್ಲಿನ ಚೂರುಗಳೊಳಗೆ ಒತ್ತಿ ತುಂಬಬೇಕು. ಮೀನಿಗೆ ಅದು ಊಟ ಇಟ್ಟ ತಟ್ಟೆಯಾಗಿ ಕಾಣಬಾರದು, ಕಲ್ಲಿನ ಮೇಲೇ ಬೆಳೆದದ್ದಾಗಿ ಕಾಣಬೇಕು. ಈ ಪೇಸ್ಟಿಗೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಚಿಟಿಕೆಯಷ್ಟು, ಅದನ್ನು ಹಾಕಿದ ದಿನವೇ ಹಳದಿ ತುಟಿ ಕಲ್ಲು ಬಿಡಲಿಲ್ಲ. ಅದೊಂದನ್ನು ಬರೆಯುವುದಿಲ್ಲ. ಇಲ್ಲದೆಯೂ ಕೆಲಸ ನಡೆಯುತ್ತೆ, ನಾಲ್ಕೈದು ದಿನ ತಡವಾಗುತ್ತೆ ಅಷ್ಟೇ.

ಬೆಳ್ಳುಳ್ಳಿ ರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಂಟು ದಿನ ಬೆಳ್ಳುಳ್ಳಿ ಹಾಕಿದ ಚಿಪ್ಪು, ಎಂಟು ದಿನ ಹಾಕದ ಚಿಪ್ಪು, ಮೊದಲ ಹತ್ತು ನಿಮಿಷದ ಕುಕ್ಕುಗಳನ್ನು ವಿಡಿಯೊದಲ್ಲಿ ಎಣಿಸಿದೆ. ಸರಾಸರಿ 14 ಮತ್ತು 15ರ ಆಸುಪಾಸು. ವ್ಯತ್ಯಾಸ ಏನೂ ಇಲ್ಲ. ಬಿಟ್ಟುಬಿಟ್ಟೆ. ಸಂಪ್‌ನಲ್ಲಿ ಸ್ಪಂಜು ಬೆಳೆಸಿ ಅದನ್ನೇ ಊಟವಾಗಿ ಕೊಡುವ ಪ್ರಯೋಗವೂ ಮಾಡಿದೆ. ಪೈನಾಪಲ್ ಸ್ಪಂಜು ನಾಲ್ಕು ತಿಂಗಳಲ್ಲಿ ಎರಡು ಕಲ್ಲಿನ ತುಂಬಾ ಬಂತು, ರೀಗಲ್ ಅದನ್ನು ಅರ್ಧ ಗಂಟೆಯಲ್ಲಿ ನುಣ್ಣಗೆ ಮಾಡಿತು. ದಿನದ ಊಟಕ್ಕೆ ಇದು ಎಂದೂ ಸಾಲುವುದಿಲ್ಲ. ಆದರೆ ಊಟ ಬಿಟ್ಟ ಮೀನನ್ನು ಮತ್ತೆ ಹಿಡಿಯಲು ಇಂಥ ಕಲ್ಲು ಒಂದೆರಡು ಕತ್ತಲಲ್ಲಿ ಸದಾ ಇರಬೇಕು.

ಪೇಸ್ಟ್ ತಿಂದ ದಿನದಿಂದಲೇ, ಅಂದರೆ 13ನೇ ದಿನದಿಂದ, ಪಶುವೈದ್ಯರ ಚೀಟಿಯ ಮೇಲೆ ಕರುಳಿನ ಪರಾವಲಂಬಿಗೆಂದು ಮೆಟ್ರೊನಿಡಜೋಲ್ ಬೆರೆಸಿದೆ: ಒಂದು ಟೇಬಲ್ ಚಮಚ ಪೇಸ್ಟಿಗೆ ಸುಮಾರು 100 ಮಿಲಿಗ್ರಾಂ, ಹತ್ತು ದಿನ. ಮೂರನೆಯ ಮೀನು ಕಲಿಸಿದ ಪಾಠ ಇದು. ಹಿಕ್ಕೆ ದಾರ ಬಿಟ್ಟು ಕಂದು ಬಣ್ಣಕ್ಕೆ ತಿರುಗಿತು. ಮೈಸಿಸ್ ಅನ್ನು ಮೊದಲು ಪೇಸ್ಟಿನ ಮೇಲೇ ಒತ್ತಿ ಅಂಟಿಸಿ ಕೊಟ್ಟೆ, ಆಮೇಲೆ ಚಿಪ್ಪಿನೊಳಗೆ ಸಡಿಲವಾಗಿ, ಆಮೇಲೆ ಚಿಪ್ಪಿನ ಮೇಲಿಂದ ಪೈಪೆಟ್ಟಿನಲ್ಲಿ ಬಿಟ್ಟೆ. 23ನೇ ದಿನ ತೇಲುವ ಮೈಸಿಸ್ ಬೆನ್ನಟ್ಟಿ ಹಿಡಿಯಿತು. ಪೇಪರನ್ನು ದಿನಕ್ಕೆ ಎರಡು ಬೆರಳಿನಷ್ಟು ಮೇಲಿನಿಂದ ಹರಿಯುತ್ತಾ ಬಂದೆ.

ಔಷಧಿ

ಐದನೇ ವಾರ, ಬೆನ್ನು ತುಂಬಿದ ಮೇಲೆ, ಬೋಳು ಟ್ಯಾಂಕ್. ಕಲ್ಲು ತಾಮ್ರವನ್ನು ಹೀರುತ್ತೆ, ಆದ್ದರಿಂದ ಇಲ್ಲಿ ಪಿವಿಸಿ ಮೊಣಕೈಗಳೇ, ಆದರೆ ಮೂರಿಂಚಿನವು ಆರು, ಸುರಂಗದ ಹಾಗೇ ಜೋಡಿಸಿ. ಪೇಸ್ಟ್ ತುಂಬಿದ ಅದೇ ಕಲ್ಲಿನ ಚೂರು ಊಟದ ಹೊತ್ತಿಗೆ ಮಾತ್ರ ಇಟ್ಟು ತೆಗೆಯುವುದು. ಪರಿಚಯದ ತಟ್ಟೆ ಕಂಡರೆ ಹೊಸ ಮನೆಯಲ್ಲೂ ತಿನ್ನುತ್ತೆ. ಕೀಲೇಟೆಡ್ ತಾಮ್ರವನ್ನು ಆರು ದಿನಕ್ಕೆ 2.25 ಪಿಪಿಎಂಗೆ ಏರಿಸಿದೆ, ತಾಮ್ರ ಅಳೆಯುವ ಹನ್ನಾ ಚೆಕರ್‌ನಲ್ಲಿ ದಿನಕ್ಕೆ ಎರಡು ಸಲ ನೋಡಿ. 1.5ರ ಹತ್ತಿರ ಊಟ ಅರ್ಧ ಆಯಿತು. ಅಲ್ಲೇ ಒಂದು ದಿನ ನಿಲ್ಲಿಸಿದೆ, ಹಸಿವು ಮರಳಿತು, ಮುಂದುವರಿಸಿದೆ. 2.25ರಲ್ಲಿ 14 ದಿನ, ಆಮೇಲೆ ಬೇರೆ ಕೋಣೆಯಲ್ಲಿ ಒಣಗಿಸಿ ಹೊಸ ನೀರು ತುಂಬಿದ ಟ್ಯಾಂಕಿಗೆ. ಅಲ್ಲಿ ಫ್ಲೂಕ್‌ಗಳಿಗೆಂದು ಪ್ರಾಜಿಕ್ವಾಂಟೆಲ್ ಲೀಟರಿಗೆ 2.5 ಮಿಲಿಗ್ರಾಂ, ಏಳು ದಿನ ಬಿಟ್ಟು ಇನ್ನೊಮ್ಮೆ, ಏರ್ ಸ್ಟೋನ್ ಜೋರಾಗಿ. ತಾಮ್ರ ಇರುವಾಗ ಅಮೋನಿಯಾ ಇಳಿಸುವ ಕಂಡಿಷನರ್ ಸುರಿಯಬೇಡಿ. ಅದು ತಾಮ್ರವನ್ನು ಕೀಲೇಟ್‌ನಿಂದ ಬಿಡಿಸಿ ವಿಷ ಮಾಡುತ್ತೆ. ನೀರೇ ಬದಲಿಸಿ. ಈ ಹಂತಕ್ಕೆ ಉಪ್ಪು ಸುಮಾರು 8 ಕೆಜಿ ಹೋಯಿತು, ₹3,000ದ ಮೇಲೆ.

ಕಲ್ಲಿನ ಟ್ಯಾಂಕಿನಲ್ಲಿದ್ದಾಗ ವೆಲ್ವೆಟ್ ಬಂದಿದ್ದರೆ? ಆ ಅಪಾಯ ನಿಜ. ದಿನಾ ಬೆಳಿಗ್ಗೆ ವಿಡಿಯೊದಲ್ಲಿ ಉಸಿರು ಎಣಿಸುತ್ತಿದ್ದೆ. ಉಸಿರು ಏಕಾಏಕಿ ಏರಿದರೆ, ಮೀನು ನೀರು ತಳ್ಳುವ ವೇವ್‌ಮೇಕರ್‌ಗೆ ಮುಖ ಒಡ್ಡಿ ನಿಂತರೆ, ಬೆಳಕು ಕಂಡು ಸರಿದರೆ ಅದೇ ಗಂಟೆಗೆ ಬೋಳು ಟ್ಯಾಂಕಿಗೆ ಹಾಕಲು ನೀರು ತಯಾರಿತ್ತು. ಬೇಕಾಗಲಿಲ್ಲ.

ಮುಖ್ಯ ಟ್ಯಾಂಕ್

5×2×2 ಅಡಿ. ಆರಡಿ ಇಲ್ಲದೆ ಆಗುವುದಿಲ್ಲ ಎಂದವರಿದ್ದರು, ಈ ಗಾತ್ರಕ್ಕೆ ಸದ್ಯ ಸಾಕು, ಪೂರ್ತಿ ಬೆಳೆದರೆ 25 ಸೆಂಟಿಮೀಟರ್ ಆಗುವ ಮೀನು, ಆಗ ದೊಡ್ಡದು ಬೇಕೇ ಬೇಕು. ಸೈಲ್‌ಫಿನ್ ಟ್ಯಾಂಗನ್ನು ಹಿಡಿದು ಹತ್ತು ದಿನ ಸಂಪ್‌ಗೆ ಹಾಕಿದೆ, ಮೇಲಿನ ಕಲ್ಲುಗಳ ಜಾಗ ಬದಲಿಸಿದೆ. ರೀಗಲ್ ನಾಲ್ಕು ದಿನ ತೂತಿನ ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ಊಟ ಅಲ್ಲೇ. ಪೆಟ್ಟಿಗೆಯ ಬಾಗಿಲು ತೆಗೆದದ್ದು ದೀಪ ಆರಿದ ಮೇಲೆ, ಗುಹೆಯ ಎದುರಿಗೆ. ಟ್ಯಾಂಗ್ ಮರಳಿದ ದಿನ ಗಾಜಿನ ಒಂದು ತುದಿಗೆ ಹೊರಗಿನಿಂದ ಮುಖ ನೋಡುವ ಕನ್ನಡಿ ಆನಿಸಿದೆ. ಎರಡು ದಿನ ಅದು ತನ್ನ ಬಿಂಬದ ಜೊತೆಗೇ ಜಗಳವಾಡಿತು, ಅಷ್ಟರಲ್ಲಿ ರೀಗಲ್ ಊರು ಸುತ್ತಿ ಬಂದಿತ್ತು.

ಹವಳದ ವಿಷಯದಲ್ಲಿ ನಷ್ಟ ಇದೆ. ಝೋವಾಗಳ ಒಂದು ಗುಂಪು ಪೂರ್ತಿ, ಒಂದು ಅಕಾನ್ ಮುಕ್ಕಾಲು ಭಾಗ ಹೋಯಿತು. ಮಾಂಸಲ ಹವಳ ಪ್ರೀತಿಯಿಂದ ಬೆಳೆಸುವವರು ರೀಗಲ್ ತರಬೇಡಿ.

ಪೆಲೆಟ್ ಕಲಿತದ್ದು ಮೂರು ತಿಂಗಳ ಹೊತ್ತಿಗೆ, ನೆನೆಸಿ ಪೇಸ್ಟಿನಲ್ಲಿ ಹುದುಗಿಸಿ ಕೊಟ್ಟು. ಈಗ ದಿನಕ್ಕೆ ನಾಲ್ಕು ಸಲ: ಬೆಳಿಗ್ಗೆ ಪೆಲೆಟ್, ಮಧ್ಯಾಹ್ನ ಮತ್ತು ಸಂಜೆ ಮೈಸಿಸ್, ರಾತ್ರಿ ದೀಪ ಇಳಿಯುವ ಮೊದಲು ಪೇಸ್ಟ್ ತುಂಬಿದ ಕಲ್ಲು. ವಾರಕ್ಕೊಂದು ಬೇಯಿಸಿದ ಮರ್ವಾಯಿ. ನೋರಿ ಕ್ಲಿಪ್ಪನ್ನು ಐದು ತಿಂಗಳು ತಿರುಗಿಯೂ ನೋಡದೆ, ಟ್ಯಾಂಗ್ ತಿನ್ನುವುದನ್ನು ಕಂಡು ಈಗ ಅದಕ್ಕೂ ಬಾಯಿ ಹಾಕುತ್ತೆ. ತಿಂಗಳಿಗೆ ಊಟದ ಖರ್ಚು ₹900ರ ಹತ್ತಿರ, ಇಷ್ಟು ತಿನ್ನಿಸಿದ್ದಕ್ಕೆ ನೈಟ್ರೇಟ್ 15-20ರಲ್ಲಿ ನಿಲ್ಲಿಸಲು ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ಒಂದು ಸೈಜ್ ದೊಡ್ಡದು ಹಾಕಬೇಕಾಯಿತು.

ಊಟದ ಟ್ಯಾಂಕಿನಿಂದ ಕ್ಲೌನ್‌ಗಳನ್ನೂ ತೆಗೆದು, ಮೀನಿಲ್ಲದೆ 76 ದಿನ ಓಡಿಸಿದೆ, ಅಲ್ಲಿ ಇಕ್ ಉಳಿದಿದ್ದರೆ ಆತಿಥೇಯ ಸಿಗದೆ ಸಾಯಲಿ ಎಂದು. ಬಲ ಬಾಯಿಯ ಕಲ್ಲನ್ನು ರೀಗಲ್ ಬೋಳಿಸಿ ಹೋಗಿತ್ತು, ಅದರ ಅಡಿಯಲ್ಲಿ ಹಳದಿ ಸ್ಪಂಜು ಮತ್ತೆ ಅಂಗೈಯಗಲ ಕಟ್ಟಿದೆ.